ಮೊದಲು ಕೊಟ್ಟರೆ ತಡೆ, ಆಮೇಲೆ ಕೊಟ್ಟರೆ ಮದ್ದು

ಹೊಟ್ಟೆ ಕೆಟ್ಟಾಗ ನುಂಗುವ ಮೆಟ್ರೊನಿಡಜೋಲ್‌ಗೆ ಪ್ರಯೋಗಾಲಯದಲ್ಲಿ ಇನ್ನೊಂದು ಕೆಲಸವಿದೆ: ಮೀನಿನ ಕಣ್ಣು ಕೆಡಿಸುವುದು. ಮಂದ ಬೆಳಕನ್ನು ಗುರುತಿಸುವ ದಂಡಕೋಶಗಳಲ್ಲಿ ಮಾತ್ರ ಬ್ಯಾಕ್ಟೀರಿಯಾದ ಒಂದು ಕಿಣ್ವ ತಯಾರಾಗುವಂತೆ ಜೀಬ್ರಾಮೀನಿನ ತಳಿಯನ್ನು ತಿದ್ದಿರುತ್ತಾರೆ. ನೀರಿಗೆ ಔಷಧ ಬೆರೆಸಿದರೆ ಆ ಕಿಣ್ವ ಅದನ್ನು ವಿಷವಾಗಿಸುತ್ತದೆ. ದಂಡಕೋಶಗಳು ಸಾಯುತ್ತವೆ, ನೆರೆಯ ಕೋಶಗಳು ಉಳಿಯುತ್ತವೆ.

ಕೆಲವೇ ದಿನಗಳಲ್ಲಿ ಸತ್ತವುಗಳ ಜಾಗದಲ್ಲಿ ಹೊಸ ಕೋಶಗಳು!

ಈ ಪಟ್ಟೆಮೀನು ನಮ್ಮ ಉಪಖಂಡದ್ದೇ. 1822ರಲ್ಲಿ ಗಂಗೆಯ ಮೀನುಗಳ ಪುಸ್ತಕದಲ್ಲಿ ಇದನ್ನು ಮೊದಲು ವರ್ಣಿಸಿದವನು ಫ್ರಾನ್ಸಿಸ್ ಬುಕಾನನ್. ಹೌದು, ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆ ಸುತ್ತಿ ವರದಿ ಬರೆದ ಅದೇ ಬುಕಾನನ್.

ಹೊಸ ಕೋಶಗಳನ್ನು ಹೆರುವುದು ಅಕ್ಷಿಪಟಲದ ಮ್ಯೂಲರ್ ಗ್ಲಿಯಾ ಎಂಬ ಆಸರೆ ಕೋಶ. ಮನುಷ್ಯರ ಕಣ್ಣಲ್ಲೂ ಅದು ಇದೆ. ಆದರೆ ಪೆಟ್ಟಾದರೆ ಕಲೆಗಟ್ಟಿ ಕೂರುತ್ತದೆ. ಮೀನಿನಲ್ಲಿ ಅದನ್ನು ಎಬ್ಬಿಸುವವರು ಯಾರು? ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೆಫ್ ಮಮ್ ಅವರ ತಂಡ 2017ರಲ್ಲಿ ಬೊಟ್ಟು ಮಾಡಿದ್ದು ರೋಗನಿರೋಧಕ ವ್ಯವಸ್ಥೆಯತ್ತ. ಸತ್ತ ಕೋಶಗಳನ್ನು ತಿಂದು ಜಾಗ ಚೊಕ್ಕಟ ಮಾಡುವ ಮೈಕ್ರೋಗ್ಲಿಯಾಗಳನ್ನು ತೆಗೆದುಹಾಕಿದಾಗ ದಂಡಕೋಶಗಳ ಮರುಹುಟ್ಟು ತಡವಾಯಿತು. ಕಸ ಬಳಿಯಲು ಬಂದವರೇ ಗಾರೆಮೇಸ್ತ್ರಿಯನ್ನೂ ಕೂಗಿ ಕರೆಯುತ್ತಾರೆ ಅನ್ನಿ.

ಸ್ವಾರಸ್ಯ ಇರುವುದು ಮುಂದೆ. ಉರಿಯೂತ ತಗ್ಗಿಸುವ ಡೆಕ್ಸಾಮೆಥಸೋನ್ ಅನ್ನು ದಂಡಕೋಶಗಳು ಸಾಯುವ ಮುನ್ನವೇ ಕೊಟ್ಟರೆ ಚೇತರಿಕೆ ಕುಂಟುತ್ತದೆ. ಸಾವು ಶುರುವಾದ ಮೇಲೆ ಕೊಟ್ಟರೆ ಚೇತರಿಕೆಯ ವೇಗ ಹೆಚ್ಚುತ್ತದೆ! ಅದೇ ಮೀನು, ಅದೇ ಔಷಧ. ಫಲ ಮಾತ್ರ ತಿರುಗುಮುರುಗು. ಉರಿಯೂತದ ಕಿಡಿ ಮೊದಲು ಹತ್ತಬೇಕು, ಹತ್ತಿದ ಮೇಲೆ ಬೇಗ ಆರಬೇಕು.

'ಇಮ್ಯೂನಿಟಿ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿ ಕಷಾಯದ ಪುಡಿ ಮಾರುವವರಿಗೂ, ಅದನ್ನು ನಂಬಿ ಮೂರು ಹೊತ್ತು ಕುಡಿಯುವವರಿಗೂ ಈ ಮೀನನ್ನು ತೋರಿಸಬೇಕು. ನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೆಂಬುದು ಶುದ್ಧ ಮೂಢನಂಬಿಕೆ. ಕೋವಿಡ್ ಕಾಲದಲ್ಲೂ ಇದು ಕಂಡಿತ್ತು: 2020ರ ಬ್ರಿಟನ್ನಿನ 'ರಿಕವರಿ' ಪ್ರಯೋಗದಲ್ಲಿ ಇದೇ ಡೆಕ್ಸಾಮೆಥಸೋನ್, ವೆಂಟಿಲೇಟರ್ ಹಾಕಿದ್ದ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿತು. ಆಮ್ಲಜನಕವೇ ಬೇಕಿಲ್ಲದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ.

ಮತ್ತೆ ಮೀನಿಗೆ ಬಂದರೆ, ಮೈಕ್ರೋಗ್ಲಿಯಾಗಳಿಗೆ ಅಲ್ಲಿ ಇನ್ನೊಬ್ಬ ಜೊತೆಗಾರನಿದ್ದಾನೆ: ನಿರೋಧಕ ಪಡೆಯ ಅತಿರೇಕಕ್ಕೆ ಲಗಾಮು ಹಾಕುವ ನಿಯಂತ್ರಕ ಟಿ-ಕೋಶ. ಮನುಷ್ಯರಲ್ಲೂ ಇರುವ ಈ ಕೋಶದ ಸಂಶೋಧನೆಗೆ 2025ರ ವೈದ್ಯಕೀಯ ನೊಬೆಲ್ ಬಂತು. ಇವು ಲಗಾಮು ಹಿಡಿದು ಸುಮ್ಮನಿರುವುದಿಲ್ಲವೆಂದು ಸಿಡ್ನಿಯ ಕಜು ಕಿಕುಚಿ ತಂಡ 2017ರಲ್ಲೇ ಜೀಬ್ರಾಮೀನಿನಲ್ಲಿ ತೋರಿಸಿತ್ತು. ಗಾಯವಾದ ಅಂಗಕ್ಕೆ ಧಾವಿಸಿ, ಅಲ್ಲಿಗೆ ಬೇಕಾದ ಪ್ರಚೋದಕವನ್ನೇ ಸ್ರವಿಸುತ್ತವೆ: ಬೆನ್ನುಹುರಿಗೆ ನ್ಯೂರೋಟ್ರೋಫಿನ್-3, ಹೃದಯಕ್ಕೆ ನ್ಯೂರೆಗ್ಯುಲಿನ್-1, ಅಕ್ಷಿಪಟಲಕ್ಕೆ ಇನ್ಸುಲಿನ್ ಹೋಲುವ ಐಜಿಎಫ್-1.