ಹಿಮದಲ್ಲಿ ಸಿಕ್ಕಿಬಿದ್ದರೆ ಹಿಮವೇ ಮನೆ!

ಡಿಸೆಂಬರ್ ಬಂತೆಂದರೆ ಸಾಕು, ನಮ್ಮ ಹುಡುಗರು ಬೆನ್ನಿಗೆ ಚೀಲ ಏರಿಸಿಕೊಂಡು ಹಿಮಾಲಯದ ದಾರಿ ಹಿಡಿಯುತ್ತಾರೆ. ಹೋಗಿ ಬರಲಿ, ಬೇಡ ಅನ್ನುವವರು ನಾವಲ್ಲ. ಆದರೆ ಚಕ್ಕುಲಿ, ಸ್ವೆಟರು ಕಟ್ಟಿಕೊಡುವ ಮನೆಯವರು ಒಂದು ಮಾತು ಕೇಳಿಯೇ ಕಳಿಸಬೇಕು: "ರಾತ್ರಿ ಹಿಮಗಾಳಿಗೆ ಸಿಕ್ಕಿದರೆ ಎಲ್ಲಿ ಮಲಗ್ತೀಯಪ್ಪಾ?"

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ 22 ಜನರ ತಂಡ ವಾಪಸು ಬರುವಾಗ ಹಿಮಗಾಳಿಗೆ ಸಿಕ್ಕಿತು. ಬಹುಪಾಲು ಕರ್ನಾಟಕದವರೇ. ಬಯಲಲ್ಲೇ ರಾತ್ರಿ ಕಳೆಯಬೇಕಾಯಿತು. 9 ಜನ ತೀರಿಕೊಂಡರು. ಎತ್ತರದ ಬೆಟ್ಟಕ್ಕೆ ನಮ್ಮ ಪಂಚಾಂಗ ಗೊತ್ತಿಲ್ಲ ಸ್ವಾಮಿ. ಜೂನ್‌ನಲ್ಲೇ ಹೀಗಾದರೆ ಡಿಸೆಂಬರ್ ಗತಿ ಏನು?

ಚಳಿಯ ಜೊತೆ ಗಾಳಿಯೂ ಒದ್ದೆಯೂ ಸೇರಿದರೆ ಮೈಶಾಖ ಬೇಗ ಸೋರಿಹೋಗುತ್ತೆ. ಗಾಳಿ ತಡೆದು ಆ ಶಾಖ ಉಳಿಸುವ ಗೂಡು ಸಿಕ್ಕಿದರೆ ಜೀವ ಉಳಿದೀತು. ಅದಕ್ಕೆ ಬೇಕಾದ ಸಾಮಾನು ಕಾಲ ಕೆಳಗಿನ ಹಿಮವೇ! ಹಿಮದ ಪುಡಿಯೊಳಗೆ ಗಾಳಿ ತುಂಬಿರುತ್ತೆ, ಹತ್ತಿ ರಜಾಯಿಯ ಹಾಗೆ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ಒಳಗೆ ಸೊನ್ನೆಯ ಆಸುಪಾಸಿನಲ್ಲಿ ನಿಲ್ಲುತ್ತೆ.

ಕಟ್ಟುವುದು ಹೇಗೆ?

ಹಿಮ ಜಾರಿ ಬೀಳುವ ಇಳಿಜಾರಿನ ಕೆಳಗೆ ಬೇಡವೇ ಬೇಡ. ಸಮತಟ್ಟು ಜಾಗದಲ್ಲಿ ಆಳೆತ್ತರ ಹಿಮ ಗುಡ್ಡೆ ಹಾಕಿ, ಒಂದೆರಡು ಗಂಟೆ ಬಿಡಿ, ಗಟ್ಟಿಯಾಗುತ್ತೆ. ಒಂದಡಿ ಉದ್ದದ ಕಡ್ಡಿಗಳನ್ನು ಸುತ್ತಲೂ ಚುಚ್ಚಿ, ಒಳಗಿನಿಂದ ತೋಡಿ. ಕಡ್ಡಿಯ ತುದಿ ಕಂಡಲ್ಲಿ ಕೈ ನಿಲ್ಲಿಸಿ. ಗೋಡೆ ಅಷ್ಟು ದಪ್ಪ ಇರಲಿ. ಬಾಗಿಲು ತಗ್ಗಿನಲ್ಲಿ, ಮಲಗುವ ಜಗಲಿ ಎತ್ತರದಲ್ಲಿ. ಹಾಗಿದ್ದರೆ ತಣ್ಣನೆ ಗಾಳಿ ಕೆಳಗೇ ಉಳಿಯುತ್ತೆ. ಒಬ್ಬ ತೋಡುವಾಗ ಇನ್ನೊಬ್ಬ ಹೊರಗೆ ಕಾವಲಿರಲಿ, ಕುಸಿದರೆ ಎಳೆಯಬೇಕಲ್ಲ! ಅವಸರ ಮಾಡಿ ಬೆವರಬೇಡಿ, ಒದ್ದೆ ಬಟ್ಟೆಯೇ ಶತ್ರು. ಎಲ್ಲಾ ಸೇರಿ ಮೂರ್ನಾಲ್ಕು ಗಂಟೆಯ ಕೆಲಸ. ಕತ್ತಲಾಗುವ ಮೊದಲೇ ಕೈ ಹಚ್ಚಬೇಕು.

ಚೀಲದಲ್ಲಿ ಏನಿರಬೇಕು?

ಸಣ್ಣ ಸಲಿಕೆ, ನೆಲಕ್ಕೆ ಹಾಸಲು ದಪ್ಪ ಚಾಪೆ, ಪ್ಲಾಸ್ಟಿಕ್ ಹಾಳೆ, ಒಣ ಬಟ್ಟೆ, ಮೇಣದಬತ್ತಿ, ಬೆಂಕಿಪೊಟ್ಟಣ, ಹಿಮ ಕರಗಿಸಲು ಪಾತ್ರೆ, ಒಲೆ. ಬಾಯಾರಿತೆಂದು ಹಿಮವನ್ನೇ ತಿಂದರೆ ಮೈ ಇನ್ನಷ್ಟು ತಣ್ಣಗಾಗುತ್ತೆ. ಸಲಿಕೆ ರಾತ್ರಿ ಗೂಡಿನ ಒಳಗಿರಲಿ; ಬಾಗಿಲು ಹೂತುಹೋದರೆ ತೋಡಿಕೊಂಡು ಬರುವುದು ಅದರಿಂದಲೇ.

ಎಲ್ಲಕ್ಕಿಂತ ಮುಖ್ಯ, ಚಾವಣಿಯಲ್ಲಿ ಮುಷ್ಟಿ ಗಾತ್ರದ ತೂತು. ಹಿಮ ಬಿದ್ದು ಮುಚ್ಚಿದರೆ ಕೋಲಿನಿಂದ ಬಿಡಿಸುತ್ತಿರಬೇಕು. ಒಳಗೆ ಒಲೆ ಹಚ್ಚಿಕೊಂಡು ಮಲಗಲೇಬಾರದು. ಅದರಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತೆ.

ಹಿಮಾಲಯ ನಮಗ್ಯಾಕೆ ಅಂತೀರಾ? ಅಂಗಡಿ ಬಾಗಿಲು ಎಳೆದು ಒಳಗೇ ಮಲಗುವ ಹುಡುಗ ಚಳಿಗೆ ಇದ್ದಿಲ ಕೆಂಡ ಇಟ್ಟುಕೊಂಡರೆ ಅಲ್ಲೂ ಅದೇ ವಿಷ. ಇವತ್ತು ರಾತ್ರಿ ಷಟರ್ ಎಳೆಯುವ ಮೊದಲು ಅವನಿಗೆ ಇನ್ನೊಂದು ಕಂಬಳಿ ಕೊಡಿ, ಕೆಂಡವನ್ನು ಹೊರಗಿಡಿಸಿ.