ಯಂತ್ರದ ಉಸಿರು, ಹೃದಯದ ಪಾಡು

ಮುಂಬೈಯ ಮಾಟುಂಗದಲ್ಲಿರಲಿ, ಮುಲುಂಡಿನಲ್ಲಿರಲಿ, ಮನೆಯಲ್ಲಿ ಯಾರಿಗಾದರೂ ಆಪರೇಷನ್ ಎಂದರೆ ಒಂದು ಪಿಸುಮಾತು ಹುಟ್ಟುತ್ತದೆ: ‘ವೆಂಟಿಲೇಟರಿಗೆ ಹಾಕಿದರೆ ಮುಗಿಯಿತು.’ ಕೋವಿಡ್ ಕಾಲದಲ್ಲಿ ಈ ಭಯ ಇನ್ನೂ ಗಟ್ಟಿಯಾಯಿತು.

ಅರುಣಾ ಶಾನಭಾಗರ ಬದುಕೂ ಈ ಯಂತ್ರದ ಬಗೆಗಿನ ಒಂದು ತಪ್ಪು ತಿಳಿವಳಿಕೆಗೆ ಸಿಕ್ಕಿದೆ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರು, 1973ರ ನವೆಂಬರಿನಲ್ಲಿ ನಡೆದ ಹಲ್ಲೆಯ ಬಳಿಕ ಸುಮಾರು 42 ವರ್ಷ ಹಾಸಿಗೆಯಲ್ಲೇ ಕಳೆದರು. ಅಷ್ಟೂ ವರ್ಷ ಅವರನ್ನು ಯಂತ್ರವೇ ಉಸಿರಾಡಿಸಿತೆಂದು ನಂಬಿದವರಿದ್ದಾರೆ. ಇಲ್ಲ, ಅವರು ತಾವಾಗಿಯೇ ಉಸಿರಾಡುತ್ತಿದ್ದರು. ಅವರನ್ನು ಉಳಿಸಿದ್ದು ಉಣಿಸಿ, ಮೈ ತೊಳೆದು ನೋಡಿಕೊಂಡ ನರ್ಸುಗಳ ಕೈ. ವೆಂಟಿಲೇಟರ್ ಬಂದದ್ದು 2015ರ ಮೇ ತಿಂಗಳಲ್ಲಿ, ನ್ಯುಮೋನಿಯಾದ ಕೊನೆಯ ದಿನಗಳಲ್ಲಿ.

ಆಪರೇಷನ್ ಥಿಯೇಟರಿನಲ್ಲಿ ಈ ಯಂತ್ರದ ಕೆಲಸವೇ ಬೇರೆ. ಸ್ನಾಯುಗಳನ್ನು ಸಡಿಲಿಸುವ ಔಷಧ ಕೊಟ್ಟಾಗ ಉಸಿರಾಟದ ಸ್ನಾಯುಗಳೂ ಸುಮ್ಮನಾಗುತ್ತವೆ. ಆ ಹೊತ್ತಿಗೆ ಮಾತ್ರ ಯಂತ್ರ ಬೇಕು. ಔಷಧದ ಬಲ ಇಳಿದ ಮೇಲೆ ಹೆಚ್ಚಿನವರಿಗೆ ಥಿಯೇಟರಿನಲ್ಲೇ ಉಸಿರಿನ ನಳಿಕೆ ತೆಗೆಯುತ್ತಾರೆ.

‘ಹೃದಯವನ್ನೂ ಅದೇ ಓಡಿಸುತ್ತದೆ’ ಎಂಬುದು ಇನ್ನೊಂದು ನಂಬಿಕೆ. ಹೃದಯ ತನ್ನ ಪಾಡಿಗೆ ತಾನು ಬಡಿಯುತ್ತಿರುತ್ತದೆ. ಹಾಗೆಂದು ಯಂತ್ರಕ್ಕೂ ಹೃದಯಕ್ಕೂ ಸಂಬಂಧವೇ ಇಲ್ಲವೆನ್ನುವುದೂ ಸರಿಯಲ್ಲ. ನಾವು ಉಸಿರೆಳೆದಾಗ ಎದೆಗೂಡು ಹಿಗ್ಗಿ ಒಳಗಿನ ಒತ್ತಡ ಇಳಿಯುತ್ತದೆ. ಆ ಸೆಳೆತಕ್ಕೆ ಗಾಳಿ ಶ್ವಾಸಕೋಶಕ್ಕೆ ಬರುವಂತೆಯೇ ಹೊಟ್ಟೆ, ಕಾಲುಗಳ ಅಭಿಧಮನಿಗಳ ರಕ್ತವೂ ಹೃದಯದತ್ತ ಬರುತ್ತದೆ. ವೆಂಟಿಲೇಟರಿನದು ತಿರುವುಮುರುವು: ಅದು ಗಾಳಿಯನ್ನು ಎಳೆಯುವುದಿಲ್ಲ, ಒಳಕ್ಕೆ ತಳ್ಳುತ್ತದೆ. ಎದೆಯೊಳಗೆ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಬಿಪಿ ಇಳಿಯಬಹುದು. ರಕ್ತಸ್ರಾವದಿಂದಲೋ ವಾಂತಿಭೇದಿಯಿಂದಲೋ ಬಸವಳಿದವರಲ್ಲಿ ಈ ಇಳಿತ ಜೋರು. ಸೊಸೈಟಿಯ ಟ್ಯಾಂಕಿನಲ್ಲಿ ನೀರು ತಳ ಕಂಡಾಗ ಮೇಲಂತಸ್ತಿನ ನಲ್ಲಿ ಮೊದಲು ಸೊರಗುವ ಹಾಗೆ. ಇಂಥ ರೋಗಿಗೆ ಅರಿವಳಿಕೆ ತಜ್ಞರು ಡ್ರಿಪ್ ಏರಿಸುತ್ತಾರೆ, ರಕ್ತನಾಳ ಬಿಗಿಸುವ ಔಷಧ ಸಿದ್ಧವಾಗಿಟ್ಟುಕೊಳ್ಳುತ್ತಾರೆ, ಗಾಳಿಯ ಒತ್ತಡ ತಗ್ಗಿಸುತ್ತಾರೆ. ಬಿಪಿ ಇಳಿದದ್ದೆಲ್ಲ ಯಾರದೋ ತಪ್ಪಲ್ಲ.

ಅಚ್ಚರಿಯೆಂದರೆ ಎಡಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿಕೊಂಡವರಿಗೆ ಇದೇ ಒತ್ತಡ ಆಸರೆಯಾಗುತ್ತದೆ, ಹೃದಯದ ಭಾರ ಇಳಿಸುತ್ತದೆ.

‘ದಪ್ಪ ಮೈಯವರಿಗೆ ಹೆಚ್ಚು ಗಾಳಿ ಬೇಕು’ ಎಂಬ ಲೆಕ್ಕವೂ ಸುಳ್ಳು. ಮೈ ಬೆಳೆದಷ್ಟು ಶ್ವಾಸಕೋಶ ಬೆಳೆಯುವುದಿಲ್ಲ. ಅದಕ್ಕೇ ಎತ್ತರ ನೋಡಿ ಆದರ್ಶ ತೂಕ ಲೆಕ್ಕಹಾಕಿ, ಕಿಲೋಗೆ ಸುಮಾರು 6ರಿಂದ 8 ಮಿಲಿಲೀಟರ್ ಗಾಳಿ ಕೊಡುವುದು ಇಂದಿನ ರೂಢಿ. ದೊಡ್ಡ ದೊಡ್ಡ ಉಸಿರು ಗಾಳಿಗೂಡುಗಳನ್ನು ಹಿಗ್ಗಿಸಿ ಗಾಯ ಮಾಡುತ್ತದೆ. 2000ದಲ್ಲಿ ಹೊರಬಂದ ಅಮೆರಿಕದ ಅಧ್ಯಯನವೊಂದರಲ್ಲಿ, ಶ್ವಾಸಕೋಶ ತೀವ್ರವಾಗಿ ಕೆಟ್ಟ ರೋಗಿಗಳಿಗೆ ಕಿಲೋಗೆ 12ರ ಬದಲು 6 ಮಿಲಿಲೀಟರ್ ಕೊಟ್ಟಾಗ ಸಾವು ಸುಮಾರು ಶೇ. 40ರಿಂದ 31ಕ್ಕೆ ಇಳಿದಿತ್ತು.

ಇನ್ನು ವಾರ್ಡಿನ ಮಾತು. ‘ಪಾಪ, ಸುಸ್ತಾಗಿದೆ, ಮಲಗಿರಲಿ’ ಎನ್ನುವುದು ಮನೆಯವರ ಪ್ರೀತಿ. ಆದರೆ ಅರಿವಳಿಕೆ ಕೊಟ್ಟ ಕೆಲವೇ ನಿಮಿಷಗಳಲ್ಲಿ ಬಹುಪಾಲು ರೋಗಿಗಳ ಶ್ವಾಸಕೋಶದ ಕೆಳಭಾಗ ಒಂದಿಷ್ಟು ಮುದುಡಿಕೊಳ್ಳುತ್ತದೆ, ಎಚ್ಚರವಾದ ಮೇಲೂ ಹಾಗೇ ಉಳಿಯಬಹುದು. ಫಿಸಿಯೋಥೆರಪಿಯವರು ಬಂದು ರೋಗಿಯನ್ನು ಎಬ್ಬಿಸಿ ಕೂರಿಸಿ, ಉಸಿರಾಟದ ವ್ಯಾಯಾಮದ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿಯನ್ನು ಕೈಗಿತ್ತು ‘ಉಸಿರು ಎಳೆಯಿರಿ’ ಎನ್ನುವುದು ಮುದುಡಿದ ಆ ಗೂಡುಗಳನ್ನು ಮತ್ತೆ ತೆರೆಯಲಿಕ್ಕೆ.