ಸಂಬಳ ಎಷ್ಟು? ಉಳಿಯುವುದು ಎಷ್ಟು?

ಬೀದರ್‌ನಿಂದ ಐಟಿ ಕೆಲಸಕ್ಕೆ ಹೊರಡುವವರ ಮುಂದೆ ಸಾಮಾನ್ಯವಾಗಿ ಎರಡು ಊರುಗಳಿರುತ್ತವೆ. ಹೈದರಾಬಾದ್ 150 ಕಿ.ಮೀ. ಒಳಗೇ ಇದೆ, ಬೆಂಗಳೂರು ಸುಮಾರು 700 ಕಿ.ಮೀ. ದೂರ. ಸಂಬಳ ಹೆಚ್ಚಿರುವ ಊರೇ ಲಾಭ ಎಂದು ಹಲವರು ಹೇಳುತ್ತಾರೆ. ನಾವು ಕಾಮರ್ಸ್‌ನವರು ಲೆಕ್ಕ ಮಾಡಿ ನೋಡೋಣ.

ಮೊದಲು ಒಂದು ಮಾತು. ಆಫರ್ ಲೆಟರ್‌ನಲ್ಲಿರುವ ಸಿಟಿಸಿ ಪೂರ್ತಿ ಕೈಗೆ ಬರುವುದಿಲ್ಲ. ಕಂಪನಿ ಕಟ್ಟುವ ಪಿ.ಎಫ್., ಗ್ರಾಚ್ಯುಟಿ ಕೂಡ ಅದರಲ್ಲಿ ಸೇರಿರುತ್ತವೆ. ಆದ್ದರಿಂದ ಕೈಗೆ ಬರುವ ಸಂಬಳವನ್ನೇ ಹೋಲಿಸಬೇಕು.

ಉದಾಹರಣೆಗೆ, ಬೆಂಗಳೂರಿನಲ್ಲಿ ತಿಂಗಳಿಗೆ 50,000, ಹೈದರಾಬಾದ್‌ನಲ್ಲಿ 45,000 ರೂಪಾಯಿ ಕೈಗೆ ಬರುತ್ತದೆ ಎಂದುಕೊಳ್ಳೋಣ. ಖರ್ಚನ್ನೂ ಹೀಗೆ ಅಂದಾಜು ಮಾಡೋಣ:

ಬಾಡಿಗೆ: ಬೆಂಗಳೂರು 15,000, ಹೈದರಾಬಾದ್ 11,000
ಊಟ, ಬಸ್, ಮೆಟ್ರೋ: 12,000 ಮತ್ತು 11,000
ಊರಿಗೆ ಬಂದು ಹೋಗಲು: 2,500 ಮತ್ತು 1,000
ಒಟ್ಟು ಖರ್ಚು: 29,500 ಮತ್ತು 23,000
ಉಳಿಯುವುದು: 20,500 ಮತ್ತು 22,000

ಸಂಬಳ 5,000 ಕಡಿಮೆ, ಉಳಿತಾಯ 1,500 ಹೆಚ್ಚು! ನಮ್ಮ ಮನೆಗಳಲ್ಲಿ ಇದನ್ನೇ ಬಚತ್ ಅನ್ನುತ್ತೇವೆ. ತಂಗಿಯ ಫೀಸು, ಅಬ್ಬಾನ ಔಷಧಿ, ಮನೆಯ ಸಾಲದ ಕಂತು ಎಲ್ಲವೂ ಈ ಬಚತ್‌ನಿಂದಲೇ ಆಗಬೇಕು.

ಇನ್ನೊಂದು ಖರ್ಚು ಮೊದಲ ಸಂಬಳಕ್ಕಿಂತ ಮುಂಚೆಯೇ ಬರುತ್ತದೆ: ಮನೆಯ ಅಡ್ವಾನ್ಸ್. ಬೆಂಗಳೂರಿನಲ್ಲಿ ಆರರಿಂದ ಹತ್ತು ತಿಂಗಳ ಬಾಡಿಗೆ ಕೇಳುವ ರೂಢಿಯಿದೆ, ಹೈದರಾಬಾದ್‌ನಲ್ಲಿ ಹೆಚ್ಚಾಗಿ ಎರಡು ತಿಂಗಳದ್ದು. ಮೇಲಿನ ಬಾಡಿಗೆಗೆ ಆರು ತಿಂಗಳೆಂದರೆ 90,000, ಎರಡು ತಿಂಗಳೆಂದರೆ 22,000. ಈ ಹಣ ಮರಳಿ ಬರುತ್ತದೆ, ಆದರೆ ಬಡ್ಡಿ ಬರುವುದಿಲ್ಲ. ಸಾಲ ಮಾಡಿ ಕೊಟ್ಟರೆ ನಾವೇ ಬಡ್ಡಿ ಕಟ್ಟಬೇಕು.

ಹಾಗಾದರೆ ಯಾವಾಗಲೂ ಹೈದರಾಬಾದೇ ಲಾಭವೇ? ಅಲ್ಲ. ಅನುಭವ ಹೆಚ್ಚಿ ಸಂಬಳ 1,00,000 ಮತ್ತು 90,000 ಆಯಿತು, ಖರ್ಚು ಮಾತ್ರ ಅಷ್ಟೇ ಇದೆ ಎಂದುಕೊಳ್ಳಿ. ಆಗ ಬೆಂಗಳೂರಿನಲ್ಲಿ 70,500, ಹೈದರಾಬಾದ್‌ನಲ್ಲಿ 67,000 ಉಳಿಯುತ್ತದೆ. ಲೆಕ್ಕ ತಿರುಗಿತು! ಸಂಬಳದ ವ್ಯತ್ಯಾಸ 5,000ದಿಂದ 10,000ಕ್ಕೆ ಏರಿತು, ಖರ್ಚಿನ ವ್ಯತ್ಯಾಸ 6,500ರಲ್ಲೇ ನಿಂತಿತು.

ಸೂತ್ರ ಸರಳ. ಎರಡು ಊರುಗಳ ಸಂಬಳದ ವ್ಯತ್ಯಾಸ ಖರ್ಚಿನ ವ್ಯತ್ಯಾಸಕ್ಕಿಂತ ಹೆಚ್ಚಿದ್ದರೆ ದುಬಾರಿ ಊರು ಲಾಭ, ಕಡಿಮೆಯಿದ್ದರೆ ಅಗ್ಗದ ಊರು ಲಾಭ. ನಿಮ್ಮ ಅಣ್ಣನಿಗೋ ಅಕ್ಕನಿಗೋ ಆಫರ್ ಬಂದರೆ ಅಭಿನಂದನೆ ಹೇಳಿ. ಆಮೇಲೆ ಒಂದು ಹಾಳೆ, ಪೆನ್ನು ತೆಗೆದುಕೊಂಡು ಅವರ ಜೊತೆ ಕೂತು ಈ ಲೆಕ್ಕ ಮಾಡಿ.